ದಮ್ಮಿನ ಔಷಧ: ಯಾವುದು ತಕ್ಷಣಕ್ಕೆ, ಯಾವುದು ದಿನಾ?

ವೈದ್ಯರು ಎರಡು ಪಂಪ್ (ಇನ್‌ಹೇಲರ್) ಬರೆದುಕೊಟ್ಟಿದ್ದಾರೆ. ಒಂದು, ತಿಂಗಳು ತುಂಬುವುದರೊಳಗೆ ಖಾಲಿ. ಇನ್ನೊಂದು ಆರು ತಿಂಗಳಾದರೂ ಡಬ್ಬಿಯಲ್ಲೇ ಇದೆ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ, ದಮ್ಮು ಹತೋಟಿಗೆ ಏಕೆ ಬರುತ್ತಿಲ್ಲ ಎಂದು ಹುಡುಕಲು ದೂರ ಹೋಗಬೇಕಿಲ್ಲ. ಬೇಗ ಖಾಲಿಯಾಗುತ್ತಿರುವುದು ಆ ಹೊತ್ತಿನ ಉಬ್ಬಸ ಇಳಿಸುವ ಔಷಧ. ಮುಟ್ಟದೆ ಇಟ್ಟಿರುವುದು ಕಾಯಿಲೆಯನ್ನು ಹಿಡಿದಿಡುವ ಔಷಧ. ಅಸ್ತಮಾ ಇರುವ ಹೆಚ್ಚಿನ ಮನೆಗಳಲ್ಲಿ ಅದಲು ಬದಲಾಗುವುದು ಇಲ್ಲೇ.

ಬೆಂಗಳೂರಿನ ಅಮೃತಹಳ್ಳಿಯಂಥ ಕಡೆ ಇದನ್ನು ಸರಿಪಡಿಸಿಕೊಳ್ಳುವುದು ಇನ್ನೂ ಮುಖ್ಯ. ಒಂದು ಮಗ್ಗುಲಿಗೆ ಬಳ್ಳಾರಿ ರಸ್ತೆಯ ವಾಹನಗಳ ಹೊಗೆ, ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದ ಕಾಮಗಾರಿಯ ದೂಳು. ಇನ್ನೊಂದು ಮಗ್ಗುಲಿಗೆ ಜಕ್ಕೂರು, ರಾಚೇನಹಳ್ಳಿ ಕೆರೆಗಳ ಕಡೆಯ ಚಳಿಗಾಲದ ಮಂಜು. ನಡುವೆ ಖಾಲಿ ಸೈಟುಗಳಲ್ಲಿ ಮಳೆ ಬಿದ್ದ ಮೇಲೆ ಎದ್ದು ನಿಲ್ಲುವ ಕಾಂಗ್ರೆಸ್ ಗಿಡ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಆಧರಿಸಿ ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ಶೇ 9ರಷ್ಟು ಮಕ್ಕಳಲ್ಲಿ ಕಂಡಿದ್ದ ಅಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಊರಿನ ಗಾಳಿಯನ್ನು ನಾವೊಬ್ಬರೇ ಬದಲಿಸಲಾರೆವು. ಔಷಧವನ್ನು ಸರಿಯಾಗಿ ಬಳಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಎದೆಯೊಳಗೆ ಆಗುವುದೇನು?

ಅಸ್ತಮಾದಲ್ಲಿ ಉಸಿರುನಾಳಗಳಿಗೆ ಎರಡು ತೊಂದರೆಗಳಾಗುತ್ತವೆ. ಮೊದಲನೆಯದು, ನಾಳದ ಸುತ್ತಲಿನ ಸ್ನಾಯು ಬಿಗಿಯುವುದು. ಇದು ನಿಮಿಷಗಳಲ್ಲಿ ಬಿಗಿದು, ಔಷಧ ತಗುಲಿದರೆ ನಿಮಿಷಗಳಲ್ಲೇ ಸಡಿಲಾಗುತ್ತದೆ. ಎರಡನೆಯದು, ನಾಳದ ಒಳಪದರ ಊದಿಕೊಂಡು ಕಫ ಕಟ್ಟುವುದು. ಈ ಉರಿಯೂತ ನಿಧಾನವಾಗಿ ಬೆಳೆಯುತ್ತದೆ, ಇಳಿಯಲೂ ದಿನಗಳು, ವಾರಗಳು ಬೇಕು. ಸೀಟಿ ಹೊಡೆದಂಥ ಸದ್ದು, ಬೆಳಗಿನ ಜಾವದ ಕೆಮ್ಮು, ಎದೆ ಹಿಡಿದಂತಾಗುವುದು ಇವೆಲ್ಲ ಮೇಲೆ ಕಾಣುವ ಲಕ್ಷಣಗಳು. ಲಕ್ಷಣ ಇಲ್ಲದ ದಿನವೂ ಒಳಗಿನ ಊತ ಇದ್ದೇ ಇರಬಹುದು.

ಒಗ್ಗರಣೆ ಸೀದು ಅಡುಗೆಮನೆಯಲ್ಲಿ ಹೊಗೆ ತುಂಬಿದಾಗ ಕಿಟಕಿ ತೆಗೆದರೆ ಉಸಿರಾಡಲು ಸಲೀಸಾಗುತ್ತದೆ. ಒಲೆ ಆರಿಸದಿದ್ದರೆ ಹೊಗೆ ಮತ್ತೆ ತುಂಬುತ್ತದೆ. ತಕ್ಷಣದ ಔಷಧ ಕಿಟಕಿ ತೆಗೆಯುವ ಕೆಲಸ ಮಾಡುತ್ತದೆ, ದಿನದ ಔಷಧ ಒಲೆ ಆರಿಸುತ್ತದೆ. ಅದಕ್ಕೇ ದಿನದ ಔಷಧವನ್ನು ಚೆನ್ನಾಗಿರುವ ದಿನವೂ ತೆಗೆದುಕೊಳ್ಳಬೇಕು.

ನಿಮ್ಮ ಡಬ್ಬಿಯಲ್ಲಿರುವುದು ಯಾವ ಗುಂಪು?

ಪಂಪಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ. ಬ್ರ್ಯಾಂಡ್ ಹೆಸರಿನ ಜೊತೆಗೆ ಮುದ್ರಿಸಿರುವ ಔಷಧದ ಹೆಸರನ್ನು ಓದಿ.

1. ತಕ್ಷಣ ಉಪಶಮನ ಕೊಡುವವು: ಸಾಲ್ಬುಟಮಾಲ್ (ಅಸ್ತಾಲಿನ್ ಮುಂತಾದವು), ಲೆವೊಸಾಲ್ಬುಟಮಾಲ್ (ಲೆವೊಲಿನ್). ಕೆಲವೇ ನಿಮಿಷಗಳಲ್ಲಿ ಸ್ನಾಯು ಸಡಿಲಿಸುತ್ತವೆ, ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತವೆ. ಊತವನ್ನು ಇಳಿಸುವುದಿಲ್ಲ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಇವುಗಳ ಸಾಮಾನ್ಯ ಅಡ್ಡಪರಿಣಾಮ.

2. ಊತ ಇಳಿಸುವ ಸ್ಟೀರಾಯ್ಡ್ ಪಂಪ್‌ಗಳು: ಬ್ಯುಡೆಸೊನೈಡ್ (ಬ್ಯುಡೆಕಾರ್ಟ್), ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್. ಅಸ್ತಮಾ ಚಿಕಿತ್ಸೆಯ ಬೆನ್ನೆಲುಬು ಇವೇ. ಇಂದು ಎಳೆದುಕೊಂಡರೆ ಇಂದೇ ಗುಣ ಕಾಣುವುದಿಲ್ಲ. ಪೂರ್ತಿ ಫಲಕ್ಕೆ ಕೆಲವು ವಾರ ಬೇಕು.

3. ಸ್ಟೀರಾಯ್ಡ್ ಜೊತೆ ಸ್ನಾಯು ಸಡಿಲಿಸುವ ಔಷಧವೂ ಸೇರಿದ ಜೋಡಿ ಪಂಪ್‌ಗಳು: ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ (ಫೊರಾಕಾರ್ಟ್), ಫ್ಲುಟಿಕಾಸೋನ್ ಮತ್ತು ಸಾಲ್ಮೆಟೆರಾಲ್ (ಸೆರೊಫ್ಲೊ). ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಫಾರ್ಮೊಟೆರಾಲ್ ಬೇಗ ಕೆಲಸ ಶುರುಮಾಡುವುದರಿಂದ ಮೊದಲ ಜೋಡಿಯನ್ನು ವೈದ್ಯರು ದಿನಕ್ಕೂ ತುರ್ತಿಗೂ ಎರಡಕ್ಕೂ ಬರೆದುಕೊಡಬಹುದು. ಸಾಲ್ಮೆಟೆರಾಲ್ ನಿಧಾನ, ಅದಿರುವ ಪಂಪನ್ನು ಉಬ್ಬಸ ಬಂದಾಗ ಎಳೆದುಕೊಂಡು ಕೂರಬಾರದು.

4. ಮಾಂಟೆಲುಕಾಸ್ಟ್ ಮಾತ್ರೆ: ಅಲರ್ಜಿ, ಮೂಗು ಸೋರುವಿಕೆ ಜೊತೆಗಿದ್ದಾಗ ಕೊಡುತ್ತಾರೆ. ಸ್ಟೀರಾಯ್ಡ್ ಪಂಪಿನಷ್ಟು ಬಲ ಇದಕ್ಕಿಲ್ಲ. ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಮಂಕು, ಖಿನ್ನತೆ ಉಂಟುಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಮಾತ್ರೆ ಶುರುವಾದ ಮೇಲೆ ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

5. ನುಂಗುವ ಸ್ಟೀರಾಯ್ಡ್: ಪ್ರೆಡ್ನಿಸೊಲೋನ್. ಉಬ್ಬಸ ಜೋರಾದಾಗ ಕೆಲವು ದಿನಗಳ ಮಟ್ಟಿಗೆ ಜೀವ ಉಳಿಸುವ ಔಷಧ. ಹಳೆಯ ಚೀಟಿ ಹಿಡಿದು ಅಂಗಡಿಯಿಂದ ಪದೇಪದೇ ತಂದು ನುಂಗುವುದು ಅಪಾಯ.

ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ ‘ಜೀನಾ’ 2019ರಿಂದ ಒಂದು ಮಾತನ್ನು ಒತ್ತಿ ಹೇಳುತ್ತಿದೆ: ಹದಿಹರೆಯದವರು, ದೊಡ್ಡವರು ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡು ಇರಬಾರದು. ದಮ್ಮು ಅಪರೂಪಕ್ಕೆ ಬರುವವರಿಗೂ ಯಾವುದಾದರೊಂದು ರೂಪದಲ್ಲಿ ಸ್ಟೀರಾಯ್ಡ್ ಪಂಪ್ ಇರಬೇಕು.

ಪಂಪಿನ ಲೆಕ್ಕ ನೀವೇ ಮಾಡಿ

ನಿಮ್ಮ ಅಸ್ತಮಾ ಹೇಗಿದೆ ಎಂಬುದನ್ನು ಪಂಪ್ ಖಾಲಿಯಾಗುವ ವೇಗವೇ ಹೇಳುತ್ತದೆ. ಸಾಲ್ಬುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ಅದು ತಿಂಗಳಿಗೊಂದು ಮುಗಿಯುತ್ತಿದೆ ಎಂದರೆ ದಿನಕ್ಕೆ ಆರೇಳು ಪಫ್ ಎಳೆಯುತ್ತಿದ್ದೀರಿ ಎಂದಾಯಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ಪಂಪ್ ಮುಗಿಸುವವರಿಗೆ ಉಬ್ಬಸ ಉಲ್ಬಣಿಸುವ ಸಾಧ್ಯತೆ ಹೆಚ್ಚು. ವರ್ಷಕ್ಕೆ ಹನ್ನೆರಡು ಮುಗಿಸುವವರಿಗೆ ಪ್ರಾಣಾಪಾಯವೇ ಹೆಚ್ಚು ಎನ್ನುತ್ತದೆ ಜೀನಾ.

ದಿನದ ಪಂಪಿಗೆ ಇದೇ ಲೆಕ್ಕ ತಿರುಗುಮುರುಗು. 120 ಪಫ್ ಇರುವ ಪಂಪನ್ನು ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಬರೆದುಕೊಟ್ಟಿದ್ದರೆ ಸರಿಯಾಗಿ 30 ದಿನಕ್ಕೆ ಮುಗಿಯಬೇಕು. ಮೂರು ತಿಂಗಳು ಬಂದರೆ ಅದು ಉಳಿತಾಯವಲ್ಲ. ಮೂರರಲ್ಲಿ ಎರಡು ಪಾಲು ಔಷಧ ಒಳಗೇ ಹೋಗಿಲ್ಲ. ಪಂಪ್ ತೆರೆದ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೇ ಬರೆದಿಡಿ.

ಮಾತ್ರೆ ಬಿಟ್ಟು ಪಂಪ್ ಏಕೆ?

ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ ಸಾಮಾನ್ಯವಾಗಿ 4 ಮಿಲಿಗ್ರಾಂ ಔಷಧ. ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಎರಡು ಪಫ್ ಎಳೆದರೂ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ನೇರ ಉಸಿರುನಾಳಕ್ಕೇ ಹೋಗುವುದರಿಂದ ಅಷ್ಟೇ ಸಾಕು. ಮಾತ್ರೆಯಾದರೆ ಹೊಟ್ಟೆ, ರಕ್ತ ಎಲ್ಲ ಸುತ್ತಿ ಬರಬೇಕು. ಕೈ ನಡುಕ ಹೆಚ್ಚು, ಫಲ ತಡ.

‘ಪಂಪ್ ಅಭ್ಯಾಸವಾಗಿಬಿಡುತ್ತೆ’, ‘ಸ್ಟೀರಾಯ್ಡ್ ಅಂದ್ರೆ ಮೈಗೆ ಕೆಟ್ಟದ್ದು’ ಎಂಬ ಮಾತುಗಳು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ದಿನದ ಪಂಪಿನಲ್ಲಿ ಹೋಗುವ ಬ್ಯುಡೆಸೊನೈಡ್ ಬಹಳಷ್ಟು ಜನರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ. ಉಬ್ಬಸ ಕೈಮೀರಿದಾಗ ದೊಡ್ಡವರಿಗೆ ಕೊಡುವ ಪ್ರೆಡ್ನಿಸೊಲೋನ್ ದಿನಕ್ಕೆ ಸುಮಾರು 40 ಮಿಲಿಗ್ರಾಂ ಇರುತ್ತದೆ. ಪಂಪ್ ಬಿಡುವವರು ಸ್ಟೀರಾಯ್ಡಿನಿಂದ ತಪ್ಪಿಸಿಕೊಳ್ಳುವುದಿಲ್ಲ, ಹಲವು ಪಟ್ಟು ಹೆಚ್ಚು ನುಂಗುವ ಪರಿಸ್ಥಿತಿ ತಂದುಕೊಳ್ಳುತ್ತಾರೆ. ಮಕ್ಕಳು ದೀರ್ಘಕಾಲ ಬಳಸಿದರೆ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರಬಹುದು, ನಿಜ. ರಾತ್ರಿ ನಿದ್ದೆಗೆಟ್ಟು, ಶಾಲೆ ತಪ್ಪಿಸಿಕೊಂಡು ಬೆಳೆಯುವ ಮಗುವಿಗೆ ಆಗುವ ನಷ್ಟದ ಮುಂದೆ ಅದು ಸಣ್ಣದು. ಆದಷ್ಟು ಕಡಿಮೆ ಪ್ರಮಾಣದಲ್ಲಿ ಹತೋಟಿ ಸಾಧಿಸುವುದೇ ವೈದ್ಯರ ಗುರಿಯೂ ಆಗಿರುತ್ತದೆ.

ಬಳಸುವ ಕ್ರಮ

ಒತ್ತುವ ಪಂಪ್, ಸ್ಪೇಸರ್ (ಪಂಪಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಜೊತೆ:

1. ಮುಚ್ಚಳ ತೆಗೆದು, ಪಂಪನ್ನು ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಬಳಸಿಲ್ಲದಿದ್ದರೆ ಮೊದಲು ಕೆಲವು ಪಫ್ ಗಾಳಿಗೆ ಬಿಡಿ.
2. ಸ್ಪೇಸರಿನ ಹಿಂಬದಿಗೆ ಪಂಪ್ ಸಿಕ್ಕಿಸಿ. ನೆಟ್ಟಗೆ ಕುಳಿತುಕೊಳ್ಳಿ ಅಥವಾ ನಿಂತುಕೊಳ್ಳಿ.
3. ಉಸಿರನ್ನು ಹೊರಗೆ ಬಿಟ್ಟು, ಸ್ಪೇಸರಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಿ.
4. ಒಂದು ಪಫ್ ಒತ್ತಿ. ನಿಧಾನವಾಗಿ, ಆಳವಾಗಿ ಎಳೆದುಕೊಳ್ಳಿ.
5. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಗದಿದ್ದರೆ, ಸ್ಪೇಸರಿನಲ್ಲೇ ಐದಾರು ಸಲ ಸಹಜವಾಗಿ ಉಸಿರಾಡಿ.
6. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಎರಡನೆಯ ಪಫ್.
7. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು, ಗಂಟಲು ಕಟ್ಟುವುದು ಬರಬಹುದು.

ಸ್ಪೇಸರ್ ಮಕ್ಕಳಿಗೆ ಮಾತ್ರ ಎಂದುಕೊಂಡವರು ಬಹಳ. ಅದಿಲ್ಲದೆ ಒತ್ತಿದಾಗ ಔಷಧದ ದೊಡ್ಡ ಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಆದ್ದರಿಂದ ದೊಡ್ಡವರಿಗೂ ಅದು ಒಳ್ಳೆಯದೇ. ಪುಟ್ಟ ಮಕ್ಕಳಿಗೆ ಮೂಗು-ಬಾಯಿ ಎರಡೂ ಮುಚ್ಚುವ ಮಾಸ್ಕ್ ಸಹಿತ ಸ್ಪೇಸರ್ ಬೇಕು. ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಒಳಗೋಡೆಗೇ ಅಂಟಿಕೊಳ್ಳುತ್ತದೆ.

ಪುಡಿಯ ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್:

ಇದರ ಕ್ರಮ ಪೂರ್ತಿ ಬೇರೆ. ಕ್ಯಾಪ್ಸೂಲ್ ಇಟ್ಟು ತಿರುಗಿಸಿದಾಗ ಅದು ಬಿಚ್ಚಿಕೊಂಡು ಪುಡಿ ಒಳಗೆ ಬೀಳುತ್ತದೆ. ಪುಡಿಯನ್ನು ಮೇಲೆಬ್ಬಿಸಬೇಕಾದದ್ದು ನಿಮ್ಮ ಉಸಿರೇ. ಆದ್ದರಿಂದ ಇಲ್ಲಿ ನಿಧಾನ ಕೂಡದು; ಜೋರಾಗಿ, ಒಂದೇ ಎಳೆತಕ್ಕೆ ಎಳೆಯಬೇಕು. ಎಳೆದ ಮೇಲೆ ತೆರೆದು ನೋಡಿ: ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಸಾಧನದೊಳಕ್ಕೆ ಉಸಿರು ಬಿಡಬೇಡಿ. ತೇವ ತಗುಲಿದ ಪುಡಿ ಗಂಟುಕಟ್ಟುತ್ತದೆ. ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದವರೂ ಇದ್ದಾರೆ. ಮನೆಯ ಹಿರಿಯರಿಗೆ ಒಮ್ಮೆ ಎದುರಿಗೇ ಮಾಡಿ ತೋರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಎರಡು ದಿನ ಹಗುರಾದ ಕೂಡಲೇ ದಿನದ ಪಂಪ್ ನಿಲ್ಲಿಸುವುದು. ಕಡಿಮೆ ಮಾಡುವುದಿದ್ದರೆ ಎರಡು ಮೂರು ತಿಂಗಳು ಹತೋಟಿಯಲ್ಲಿದ್ದ ಮೇಲೆ, ವೈದ್ಯರು ಹೇಳಿದಂತೆ, ಮೆಟ್ಟಿಲು ಮೆಟ್ಟಿಲಾಗಿ.
2. ನೀರಿನಲ್ಲಿ ತೇಲಿಸಿ ಪಂಪ್ ಖಾಲಿಯೇ ಎಂದು ನೋಡುವುದು. ಇದು ನೆಚ್ಚಲಾಗದ ಪರೀಕ್ಷೆ. ಔಷಧ ಮುಗಿದ ಮೇಲೂ ಒಳಗಿನ ಅನಿಲ ಬುಸ್ ಎನ್ನುತ್ತಲೇ ಇರುತ್ತದೆ. ಎಣಿಕೆ ತೋರಿಸುವ ಪಂಪ್ ಕೇಳಿ ಪಡೆಯಿರಿ.
3. ನೆಬುಲೈಸರ್ ಹಾಕಿಸಿಕೊಂಡರೆ ಮಾತ್ರ ಗುಣ ಎನ್ನುವುದು. ಸಾಧಾರಣ ಉಬ್ಬಸದಲ್ಲಿ ಸ್ಪೇಸರ್ ಮೂಲಕ ಸರಿಯಾಗಿ ಕೊಟ್ಟ ಪಂಪ್ ಅಷ್ಟೇ ಕೆಲಸ ಮಾಡುತ್ತದೆ.
4. ಮೈಕೈ ನೋವಿಗೆ ಕೇಳದೆ ಮಾತ್ರೆ ನುಂಗುವುದು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೆಲವು ಅಸ್ತಮಾ ರೋಗಿಗಳಲ್ಲಿ ತೀವ್ರ ಉಬ್ಬಸ ತರುತ್ತವೆ. ರಕ್ತದೊತ್ತಡ, ಮೈಗ್ರೇನ್‌ಗೆ ಕೊಡುವ ಪ್ರೊಪ್ರನೊಲಾಲ್, ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ. ಯಾವ ವೈದ್ಯರ ಬಳಿ ಹೋದರೂ ದಮ್ಮಿದೆ ಎಂದು ಮೊದಲೇ ಹೇಳಿ.
5. ಬಸುರಿಯಾದ ಕೂಡಲೇ ಪಂಪ್ ಬಿಡುವುದು. ತಾಯಿಯ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕದ ಕೊರತೆ. ಪಂಪ್ ಮುಂದುವರಿಸಿ, ವೈದ್ಯರಿಗೆ ತಿಳಿಸಿ.
6. ಹೆಸರಿಲ್ಲದ ಪುಡಿ, ಗುಳಿಗೆ ನಂಬುವುದು. ‘ಒಂದೇ ವಾರಕ್ಕೆ ಗುಣ’ ಎಂಬ ಪೊಟ್ಟಣದಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಮೃಗಶಿರಾ ಕಾರ್ತಿಯಲ್ಲಿ ಹೈದರಾಬಾದಿಗೆ ಮೀನಿನ ಮದ್ದಿಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ಅದು ಅಸ್ತಮಾ ವಾಸಿಮಾಡುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಹೋಗುವುದು ನಿಮ್ಮ ನಂಬಿಕೆ, ಆದರೆ ಪಂಪನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಹತೋಟಿಯಲ್ಲಿದೆಯೇ? ನಾಲ್ಕು ಪ್ರಶ್ನೆ

ಕಳೆದ ನಾಲ್ಕು ವಾರಗಳನ್ನು ನೆನೆದು ಉತ್ತರಿಸಿ:

1. ಹಗಲಿನಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉಬ್ಬಸ, ಕೆಮ್ಮು ಬಂತೇ?
2. ದಮ್ಮಿನಿಂದ ರಾತ್ರಿ ಎಚ್ಚರವಾಯಿತೇ?
3. ತಕ್ಷಣದ ಸಾಲ್ಬುಟಮಾಲ್ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ?
4. ದಮ್ಮಿನಿಂದಾಗಿ ಮೆಟ್ಟಿಲು, ಆಟ, ಕೆಲಸ ಯಾವುದನ್ನಾದರೂ ಬಿಡಬೇಕಾಯಿತೇ?

ನಾಲ್ಕಕ್ಕೂ ‘ಇಲ್ಲ’ ಎಂದರೆ ಹತೋಟಿಯಲ್ಲಿದೆ. ಒಂದೆರಡು ‘ಹೌದು’ ಎಂದರೆ ಭಾಗಶಃ. ಮೂರು ಅಥವಾ ನಾಲ್ಕು ಎಂದರೆ ಹತೋಟಿ ತಪ್ಪಿದೆ. ಈ ವಾರವೇ ವೈದ್ಯರನ್ನು ಕಾಣಿ.

ಪದೇಪದೇ ಕೆಡುವವರು ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನ ಇಟ್ಟುಕೊಳ್ಳಬಹುದು. ಚೆನ್ನಾಗಿರುವ ದಿನಗಳಲ್ಲಿ ಊದಿದಾಗ ಸಿಕ್ಕ ಅತಿ ಹೆಚ್ಚಿನ ಅಂಕಿ ನಿಮ್ಮ ಅಳತೆಗೋಲು. ಅದರ ಶೇ 80ಕ್ಕಿಂತ ಮೇಲಿದ್ದರೆ ಕ್ಷೇಮ. 50ರಿಂದ 80ರ ನಡುವೆ ಎಚ್ಚರಿಕೆ. 50ಕ್ಕಿಂತ ಕೆಳಗೆ ಅಪಾಯ. ಅಂದಹಾಗೆ, ಎಲ್ಲ ದಮ್ಮೂ ಅಸ್ತಮಾ ಅಲ್ಲ. ಹೃದಯದ ತೊಂದರೆ, ಕ್ಷಯ, ಬೀಡಿ-ಸಿಗರೇಟಿನಿಂದ ಬರುವ ಸಿಒಪಿಡಿ ಕೂಡ ಹೀಗೇ ಕಾಣಬಹುದು. ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಒಮ್ಮೆಯಾದರೂ ಆಗಿರಲಿ. ಹೊಸೂರು ರಸ್ತೆಯಲ್ಲಿರುವ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಎದೆಯ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ.

ಮನೆ, ಬೀದಿ, ಋತು

ಎಲ್ಲರಿಗೂ ಎಲ್ಲವೂ ತೊಂದರೆ ಕೊಡುವುದಿಲ್ಲ. ನಿಮಗೆ ಯಾವುದು ತಗುಲುತ್ತದೆ ಎಂದು ಗಮನಿಸಿ, ಅದನ್ನಷ್ಟೇ ದೂರವಿಡಿ.

ಮನೆಯೊಳಗೆ: ಸೊಳ್ಳೆಬತ್ತಿಗೆ ಬದಲು ಪರದೆ ಕಟ್ಟಿ. ಅಗರಬತ್ತಿ, ಸಾಂಬ್ರಾಣಿ ಹಚ್ಚುವಾಗ ದಮ್ಮಿರುವವರು ಬೇರೆ ಕೋಣೆಯಲ್ಲಿರಲಿ. ಹಾಸಿಗೆ, ದಿಂಬಿನ ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ದೂಳಿನ ಹುಳು ಅಲ್ಲೇ ಬೆಳೆಯುವುದು. ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಮನೆಯೊಳಗೆ ಯಾರೂ ಸಿಗರೇಟು ಸೇದಕೂಡದು.

ಹೊರಗೆ: ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಿ, ಕೀಳುವ ಕೆಲಸ ದಮ್ಮಿಲ್ಲದವರದ್ದು, ಅದೂ ಕೈಗವಸು, ಮಾಸ್ಕ್ ಹಾಕಿಕೊಂಡು. ಬೇಸಿಗೆಯ ಆರಂಭದಲ್ಲಿ ತರಗೆಲೆ ಗುಡಿಸಿ ಬೆಂಕಿ ಹಚ್ಚುವುದನ್ನು ಬೀದಿಯವರೆಲ್ಲ ಸೇರಿ ನಿಲ್ಲಿಸಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಹೆಬ್ಬಾಳದ ಮಾಪನ ಕೇಂದ್ರದ ಗಾಳಿ ಗುಣಮಟ್ಟ ಸಿಗುತ್ತದೆ. ಸೂಚ್ಯಂಕ 100 ದಾಟಿದ ದಿನ ರಸ್ತೆ ಬದಿಯ ಓಟ ಬೇಡ.

ನಡಿಗೆ, ಆಟ ಬಿಡಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಕೆರೆ ಏರಿಯ ನಡಿಗೆಯನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಿ. ತಣ್ಣನೆಯ ಗಾಳಿ ನಾಳಗಳನ್ನು ಬಿಗಿಸುತ್ತದೆ, ಗಾಳಿ ನಿಂತ ಮುಂಜಾವಿನಲ್ಲಿ ಹೊಗೆಯೂ ನೆಲಮಟ್ಟದಲ್ಲೇ ಉಳಿಯುತ್ತದೆ. ಮೊದಲ ಹತ್ತು ನಿಮಿಷ ಮೆಲ್ಲಗೆ ನಡೆದು ಮೈ ಬಿಸಿಯಾದ ಮೇಲೆ ವೇಗ ಹೆಚ್ಚಿಸಿ. ಮಳೆಗಾಲದ ಶೀತ-ಜ್ವರವೇ ಉಬ್ಬಸ ಕೆದಕುವ ದೊಡ್ಡ ಕಾರಣ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ.

ಉಬ್ಬಸ ಏರಿದಾಗ

1. ನೆಟ್ಟಗೆ ಕೂರಿಸಿ. ಮಲಗಿಸಬೇಡಿ. ಬಿಗಿ ಬಟ್ಟೆ ಸಡಿಲಿಸಿ.
2. ಸಾಲ್ಬುಟಮಾಲ್ ಪಂಪಿನಿಂದ ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಪಫ್ ಕೊಡಿ. ಪ್ರತಿ ಪಫ್‌ಗೂ ನಾಲ್ಕೈದು ಉಸಿರು. ಫಾರ್ಮೊಟೆರಾಲ್ ಜೋಡಿಯನ್ನೇ ತುರ್ತಿಗೆ ಬರೆದಿದ್ದರೆ, ಚೀಟಿಯಲ್ಲಿರುವಷ್ಟು.
3. ಕೆಲವು ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ನಾಲ್ಕು ಕೊಟ್ಟು, 108ಕ್ಕೆ ಕರೆಮಾಡಿ ಅಥವಾ ಹೊರಡಿ. ದಾರಿಯಲ್ಲೂ ಪಂಪ್ ನಿಲ್ಲಿಸಬೇಡಿ.

ಒಂದು ವಾಕ್ಯ ಪೂರ್ತಿ ಮಾತಾಡಲಾಗದಿರುವುದು, ತುಟಿ-ಉಗುರು ನೀಲಿಯಾಗುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆಯುವುದು, ಮಂಪರು ಕವಿಯುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಜೋರಾಗಿದ್ದ ಸೀಟಿ ಸದ್ದು ಏಕಾಏಕಿ ನಿಂತು ವ್ಯಕ್ತಿ ಸುಸ್ತಾಗಿದ್ದರೆ ಅದು ಗುಣವಾದ ಲಕ್ಷಣವಲ್ಲ. ಗಾಳಿಯೇ ಒಳಗೆ ಹೋಗುತ್ತಿಲ್ಲ ಎಂದರ್ಥ.

ಅಮೃತಹಳ್ಳಿಯವರಿಗೆ ಇನ್ನೊಂದು ಮಾತು. ಬೆಳಿಗ್ಗೆ ಮತ್ತು ಸಂಜೆ ಹೆಬ್ಬಾಳ ಮೇಲ್ಸೇತುವೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಹೇಳಲಾರರು. ಸೇತುವೆ ದಾಟದೆ ತಲುಪಬಹುದಾದ, ಇಪ್ಪತ್ತನಾಲ್ಕು ಗಂಟೆಯೂ ತುರ್ತು ಚಿಕಿತ್ಸೆ, ಆಮ್ಲಜನಕ ಇರುವ ಒಂದು ಆಸ್ಪತ್ರೆಯನ್ನು ಈಗಲೇ ಗುರುತುಮಾಡಿಟ್ಟುಕೊಳ್ಳಿ. ನಿಮ್ಮ ಖಾಯಂ ವೈದ್ಯರು ಸೇತುವೆಯಾಚೆ ಇದ್ದರೂ ತುರ್ತಿಗೆ ಹತ್ತಿರದ್ದೇ ಸರಿ.

ಮುಂದಿನ ಭೇಟಿಗೆ ಹೋಗುವಾಗ

ಬಳಸುವ ಎಲ್ಲ ಪಂಪ್, ಸ್ಪೇಸರ್, ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಪಂಪ್ ಎಳೆಯುವುದನ್ನು ವೈದ್ಯರ ಎದುರಿಗೇ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದಲು ಹೇಳಿ. ಔಷಧ ದುಬಾರಿ ಎನಿಸಿದರೆ ಮುಚ್ಚಿಡದೆ ಹೇಳಿ. ಅದೇ ಔಷಧ ಕಡಿಮೆ ಬೆಲೆಯ ಬ್ರ್ಯಾಂಡಿನಲ್ಲಿ ಅಥವಾ ಜನೌಷಧಿ ಕೇಂದ್ರದಲ್ಲಿ ಸಿಗಬಹುದು. ಕೊನೆಗೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆಸಿಕೊಳ್ಳಿ: ದಿನಾ ಏನು, ಎಷ್ಟು; ಸ್ವಲ್ಪ ಕೆಟ್ಟರೆ ಏನು, ಎಷ್ಟು; ಯಾವಾಗ ಆಸ್ಪತ್ರೆಗೆ. ಒಂದು ಪ್ರತಿ ಫ್ರಿಜ್ ಬಾಗಿಲಿಗೆ ಅಂಟಿಸಿ. ಮಗುವಿಗೆ ದಮ್ಮಿದ್ದರೆ ಇನ್ನೊಂದು ಪ್ರತಿಯನ್ನು ಒಂದು ಪಂಪಿನ ಸಹಿತ ಕ್ಲಾಸ್ ಟೀಚರ್ ಕೈಗೆ ಕೊಟ್ಟು, ಹೇಗೆ ಬಳಸಬೇಕೆಂದು ತೋರಿಸಿ ಬನ್ನಿ.